ಗೋಲ್ಡ್‌ಫಿಶ್ ನೀರಿನ ಮ್ಯಾಲೆ ಬಂದು ಬಾಯಿ ಬಿಡ್ತಿದ್ವು, ಹಿಂಗ ಸರಿ ಆತು

ಅಕ್ಕನ ಮಗನ ಬರ್ತ್‌ಡೇಕ್ಕ ಯಾರೋ ದುಂಡನ ಗಾಜಿನ ಬೌಲ್‌ನ್ಯಾಗ ಎರಡು ಗೋಲ್ಡ್‌ಫಿಶ್ ಕೊಟ್ಟಿದ್ರು, ಅವು ಹುಬ್ಬಳ್ಳಿಗೆ ನಮ್ಮ ಮನಿಗೆ ಬಂದಾಗಿಂದ ರೆಕ್ಕಿ ಮಡಚಿಕೊಂಡು ನೀರಿನ ಮ್ಯಾಲೇ ನಿಂತು ಬಾಯಿ ಬಿಡ್ತಿದ್ವು, ಕಿವಿರು ಕೆಂಪಗಾಗಿದ್ವು. ಹಸಿವ್ಯಾಗೇತಿ ಅಂತ ಮನ್ಯಾಗಿನವ್ರು ಇನ್ನಷ್ಟು ಕಾಳು ಹಾಕೋರು! ಅಂಗಡಿಯವ ನೀಲಿ ಔಷಧ ಹಾಕ್ರಿ ಅಂದ, ನಾ ಹಾಕಲಿಲ್ಲ, ಟೆಸ್ಟ್ ಕಿಟ್ ತಂದು ನೋಡಿದ್ರ ಹಳದಿ ಇರಬೇಕಾದ ಅಮೋನಿಯಾ ಟ್ಯೂಬ್ ಹಚ್ಚ ಹಸಿರು, ಅಂದ್ರ ಮೀನಿನ ಹೊಲಸು, ಉಳಿದ ಕಾಳಿನಿಂದ ಆಗೋ ಈ ವಿಷ ನೀರಾಗ ಭಾಳ ಆಗಿತ್ತು.

ಮೊದ್ಲ ಕಾಳು ಬಂದ್, ಆಮ್ಯಾಲೆ ಅರ್ಧ ನೀರು ಬದ್ಲಿ. ನಮ್ಮಲ್ಲಿ ನಳ ದಿನಾ ಬರಂಗಿಲ್ಲ, ಬಂದಾಗ ಕ್ಲೋರಿನ್ ವಾಸನಿ ಮೂಗಿಗೆ ಹೊಡಿತೈತಿ, ಹಂಗಾಗಿ ಆಂಟಿ ಕ್ಲೋರಿನ್ ಹನಿ ಹಾಕೇ ಸುರುವಿದ್ದು.

ಆದ್ರ ಬೌಲ್‌ನ್ಯಾಗ ಇದು ಮತ್ತ ಮತ್ತ ಆಗೋದ, ಯಾಕಂದ್ರ ಗೋಲ್ಡ್‌ಫಿಶ್ ಗೇಣುದ್ದ ಬೆಳೆಯೋ ಮೀನು, ಹೊಲಸೂ ಭಾಳ ಮಾಡ್ತೈತಿ. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ತಂದೆ, 120 ಲೀಟರ್ ಮ್ಯಾಲೇ ನೀರು ಹಿಡಿತೈತಿ. ಸ್ಪಾಂಜ್ ಫಿಲ್ಟರ್ ಹೊಸಾದಲ್ಲ, ಧಾರವಾಡದ ಗೆಳೆಯಾನ ಟ್ಯಾಂಕಿನ್ಯಾಗ ಓಡ್ತಿದ್ದದ್ದ ತಂದು ಹಾಕೀನಿ, ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಅದ್ರಾಗ ಇರ್ತಾವು, ಹೊಸಾದ್ರಾಗ ಬೆಳೀಲಿಕ್ಕೆ ವಾರಗಟ್ಟಲೆ ಬೇಕು. ಆ ಸ್ಪಾಂಜ್ ನಳದ ನೀರಾಗ ಮಾತ್ರ ತೊಳೀಬ್ಯಾಡ್ರಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯ್ತಾವು, ಟ್ಯಾಂಕಿಂದ ತೆಗೆದ ನೀರಾಗ ಹಿಂಡ್ರಿ ಸಾಕು.

ಈಗ ಎರಡೂ ತಳದ ಹರಳು ಕೆದರ್ಕೋತ ಅಡ್ಡಾಡ್ತಾವು. ಬೌಲ್‌ನ್ಯಾಗ ಮನಿಪ್ಲಾಂಟ್ ಹಾಕೀವಿ.