ತಾರಸಿಯಲ್ಲಿ ಅಡೇನಿಯಂ: ಕೊಳೆಯದಂತೆ ಬೆಳೆಸುವುದು ಹೇಗೆ?

ಬುಡ ಗಡ್ಡೆಯಂತೆ ಉಬ್ಬಿ ಚೆಂದದ ಹೂ ಬಿಡುವ ಗಿಡ ಅಡೇನಿಯಂ. ಇದರ ತವರು ಸಹರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ಸಹೇಲ್ ಸೀಮೆ ಮತ್ತು ಅರೇಬಿಯಾ. ಬೆಂಗಳೂರು ಇರುವುದು 900 ಮೀಟರ್‌ಗೂ ಎತ್ತರದಲ್ಲಿ. ಇಲ್ಲಿ ಜನವರಿಯ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಗಿಡ ಸತ್ತರೆ ಎಲ್ಲರೂ ಚಳಿಯನ್ನೇ ಬೈಯುತ್ತಾರೆ. ಆದರೆ ಆ ಹೊತ್ತಿಗೆ ಬೇರು ಒದ್ದೆಯಾಗಿತ್ತಾ ಅಂತ ನೋಡುವವರು ಕಡಿಮೆ. ಒಣಗಿದ ಬೇರು ಈ ಊರಿನ ಚಳಿಯನ್ನು ಆರಾಮಾಗಿ ತಡೆಯುತ್ತದೆ.

ನರ್ಸರಿಯಲ್ಲಿ ಹೂವಿಗೆ ಮರುಳಾಗಬೇಡಿ. ಬುಡದ ಗಡ್ಡೆಯನ್ನು ಹೆಬ್ಬೆರಳಲ್ಲಿ ಒತ್ತಿ. ಗಟ್ಟಿಯಿದ್ದರೆ ತನ್ನಿ, ಮೆತ್ತಗೆ ಒಳಗೆ ಹೋದರೆ ಅಲ್ಲೇ ಬಿಡಿ. ದಪ್ಪ ಬುಡ ಬೇಕಿದ್ದರೆ ಬೀಜದಿಂದ ಬೆಳೆದ ಗಿಡವನ್ನೇ ಕೇಳಿ. ಕಡ್ಡಿ ನೆಟ್ಟು ಬೆಳೆಸಿದ್ದಕ್ಕೆ ಅಷ್ಟು ಚೆಂದದ ಬುಡ ಬರುವುದಿಲ್ಲ.

ಮುಖ್ಯ ಕೆಲಸ ಮಣ್ಣಿನದು. ನಮ್ಮ ಕೆಂಪು ಮಣ್ಣು ಬೇಡವೇ ಬೇಡ, ಮಳೆಗೆ ಗಾರೆಯ ಹಾಗೆ ಕಟ್ಟಿಕೊಳ್ಳುತ್ತದೆ. ಎರಡು ಪಾಲು ದಪ್ಪ ಮರಳು, ಎರಡು ಪಾಲು ಇಟ್ಟಿಗೆ ಚೂರು, ಒಂದು ಪಾಲು ಎರೆಗೊಬ್ಬರ, ಒಂದು ಹಿಡಿ ಇದ್ದಿಲು ಸೇರಿಸಿ. ಮನೆ ಕಟ್ಟದ ಬೀದಿ ಬೆಂಗಳೂರಲ್ಲಿ ಎಲ್ಲಿದೆ? ಇಟ್ಟಿಗೆ ಪುಕ್ಕಟೆ ಸಿಗುತ್ತದೆ. ಸಿಮೆಂಟ್ ಬ್ಲಾಕ್ ಅಲ್ಲ, ಸುಟ್ಟ ಇಟ್ಟಿಗೆ ಆಗಬೇಕು. ಕಡಲೆಕಾಳಿನ ಗಾತ್ರಕ್ಕೆ ಒಡೆದು, ಜರಡಿ ಹಿಡಿದು, ನುಣ್ಣನೆ ಪುಡಿಯನ್ನು ಬಿಸಾಡಿ. ಗಾಳಿಯಾಡುವ ಸಂದುಗಳನ್ನು ಮುಚ್ಚುವುದು ಆ ಪುಡಿಯೇ. ಅಗಲವಾದ ಮಣ್ಣಿನ ಕುಂಡಕ್ಕೆ ತುಂಬಿ ಒಂದು ಚೊಂಬು ನೀರು ಸುರಿಯಿರಿ. ತಕ್ಷಣ ಕೆಳಗಿನ ತೂತಿನಿಂದ ಹರಿದರೆ ಮಿಶ್ರಣ ಸರಿಯಿದೆ. ಕುಂಡದಡಿ ತಟ್ಟೆ ಇಡಬೇಡಿ.

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಕಡೆ ಇಡಿ. ಬೇಸಿಗೆಯಲ್ಲಿ ಮಣ್ಣು ಪೂರ್ತಿ ಒಣಗಿದ ಮೇಲೆ ಧಾರಾಳವಾಗಿ ನೀರು ಕೊಡಿ. ಸೆಪ್ಟೆಂಬರ್–ಅಕ್ಟೋಬರ್‌ನ ಜಡಿಮಳೆಗೆ ಶೀಟಿನ ಕೆಳಗೆ ಸರಿಸಿ. ಡಿಸೆಂಬರ್‌ನಲ್ಲಿ ಎಲೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ, ಗಿಡ ನಿದ್ದೆಗೆ ಜಾರಿದೆ ಅಷ್ಟೆ. ಪಾಪ ಅಂತ ನೀರು ಹಾಕಿದಿರೋ, ಕೆಟ್ಟಿತು. ಫೆಬ್ರವರಿಯಲ್ಲಿ ಚಿಗುರು ಕಂಡಾಗ ಮತ್ತೆ ಶುರು ಮಾಡಿ.

ಬುಡ ಮೆತ್ತಗಾಗಿದೆಯಾ? ಗಿಡ ಕಿತ್ತು ಬೇರು ತೊಳೆಯಿರಿ. ಚೂಪಾದ ಚಾಕುವಿನಿಂದ ಕಂದು ಭಾಗವನ್ನು ಕೆತ್ತುತ್ತಾ ಹೋಗಿ, ಬೆಳ್ಳಗಿನ ಗಟ್ಟಿ ತಿರುಳು ಸಿಗುವವರೆಗೆ ನಿಲ್ಲಿಸಬೇಡಿ. ಪ್ರತಿ ಸಲ ಚಾಕು ಒರೆಸಿ. ಗಾಯಕ್ಕೆ ಶಿಲೀಂಧ್ರನಾಶಕದ ಪುಡಿ ಸವರಿ, ನೆರಳಲ್ಲಿ ವಾರ ತೂಗುಹಾಕಿ, ಆಮೇಲೆ ನೆಡಿ.

ಇದು ಕಣಗಿಲೆಯ ಬಳಗದ ಗಿಡ, ಹಾಲು ವಿಷ. ಆಫ್ರಿಕಾದಲ್ಲಿ ಬೇಟೆಯ ಬಾಣಕ್ಕೆ ಹಚ್ಚುತ್ತಿದ್ದರು. ಕತ್ತರಿಸುವಾಗ ಕೈಗವಸು ಹಾಕಿ, ಮಕ್ಕಳು ಮತ್ತು ನಾಯಿಗೆ ಎಟುಕದ ಕಡೆ ಕುಂಡ ಇಡಿ.