ಕಸುಬಿಗೆ ಸಾಲ ಬೇಕೇ? ಮೊದಲು ಹೊಲದ ಲೆಕ್ಕ ಬೇರೆ ಇಡಿ

ಒಂದೆರಡು ಎಕರೆ ಹೊಲ, ಮನೆ ಪಕ್ಕದಲ್ಲೇ ಕುಲುಮೆಯೋ ತಿಗರಿಯೋ. ಹೀಗೆ ಎರಡನ್ನೂ ನಡೆಸುವವರು ಸಾಲ ಕೇಳಲು ಹೋದಾಗ ಬ್ಯಾಂಕ್ ಮ್ಯಾನೇಜರ್ ಕೇಳುವುದು, ‘ಸಾಲ ಯಾತಕ್ಕೆ?’ ‘ಹೊಲಕ್ಕೂ ಆಯ್ತು, ಕಸುಬಿಗೂ ಆಯ್ತು’ ಎಂದರೆ ಮಾತು ಮುಂದೆ ಹೋಗುವುದು ಕಷ್ಟ. ಬ್ಯಾಂಕಿನಲ್ಲಿ ಬೆಳೆಯ ಸಾಲವೇ ಬೇರೆ, ಕಸುಬಿನ ಸಾಲವೇ ಬೇರೆ. ಬಡ್ಡಿಯೂ ಬೇರೆ, ತೀರಿಸುವ ರೀತಿಯೂ ಬೇರೆ.

ಅದಕ್ಕೇ ಮೊದಲ ಕೆಲಸ ಮನೆಯಲ್ಲೇ ಆಗಬೇಕು. ಒಂದು ನೋಟ್‌ಬುಕ್ ತೆಗೆದುಕೊಂಡು 12 ತಿಂಗಳ ಹೆಸರು ಬರೆಯಿರಿ. ಪ್ರತಿ ತಿಂಗಳ ಎದುರು ಕಸುಬಿನಿಂದ ಕೈಗೆ ಬಂದದ್ದೆಷ್ಟು, ಹೊಲಕ್ಕೆ ಹೋದದ್ದೆಷ್ಟು ಅಂತ ಬೇರೆ ಬೇರೆ ಬರೆಯಿರಿ. ಕುಂಬಾರರನ್ನೇ ನೋಡಿ. ಬೇಸಿಗೆಯಲ್ಲಿ ನೀರಿನ ಮಡಕೆ, ದೀಪಾವಳಿಗೆ ಹಣತೆ. ಮಳೆ ಹಿಡಿದರೆ ಮಡಕೆ ಒಣಗುವುದಿಲ್ಲ, ಮಡಕೆ ಸುಡುವ ಆವಿಗೆ ಹಚ್ಚಲು ಆಗುವುದಿಲ್ಲ. ಅದೇ ಹೊತ್ತಿಗೆ ರಾಗಿ ಬಿತ್ತನೆ, ಗೊಬ್ಬರ, ಆಳಿನ ಕೂಲಿ. ಬರುವ ದುಡ್ಡು ನಿಂತಾಗಲೇ ಹೋಗುವ ದುಡ್ಡು ಜಾಸ್ತಿ. ಕಮ್ಮಾರರ ವರ್ಷವೇ ಬೇರೆ: ಬಿತ್ತನೆಗೆ ಮುಂಚೆ ಕುಳ, ಕೊಯ್ಲಿಗೆ ಮುಂಚೆ ಕುಡುಗೋಲು. ನಿಮ್ಮ ಅತಿ ಕಷ್ಟದ ತಿಂಗಳು ಯಾವುದು ಅಂತ ಬ್ಯಾಂಕಿನವರಿಗೆ ಗೊತ್ತಿರುವುದಿಲ್ಲ. ನಿಮಗೆ ಗೊತ್ತಿರಬೇಕು. ಆ ತಿಂಗಳಲ್ಲೂ ಕಟ್ಟಬಲ್ಲ ಕಂತು ಎಷ್ಟೋ, ನಿಮಗೆ ತಕ್ಕ ಸಾಲ ಅಷ್ಟೇ.

ಈಗ ಯಾವ ಸಾಲ ಅಂತ ನೋಡೋಣ.

ಕೈಕಸುಬಿನವರು ಮೊದಲು ನೋಡಬೇಕಾದ್ದು ಪಿಎಂ ವಿಶ್ವಕರ್ಮ ಯೋಜನೆ. 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ಬಡಗಿ, ಕಮ್ಮಾರ, ಕುಂಬಾರ, ಶಿಲ್ಪಿ, ಚಮ್ಮಾರ, ದರ್ಜಿ, ಬುಟ್ಟಿ–ಚಾಪೆ ಹೆಣೆಯುವವರು ಸೇರಿ 18 ಕಸುಬುಗಳಿಗೆ ಇದು ಅನ್ವಯ. ಮೊದಲ ಹಂತದಲ್ಲಿ 1 ಲಕ್ಷ ರೂಪಾಯಿವರೆಗೆ ಸಾಲ, ತೀರಿಸಲು 18 ತಿಂಗಳು. ಅಡಮಾನ ಬೇಡ. ಬಡ್ಡಿ ವರ್ಷಕ್ಕೆ ಶೇ 5 ಮಾತ್ರ. ಪೂರ್ತಿ 1 ಲಕ್ಷ ಪಡೆದರೆ ತಿಂಗಳ ಕಂತು ಸುಮಾರು 5,780 ರೂಪಾಯಿ, ಒಟ್ಟು ಬಡ್ಡಿ ಸುಮಾರು 4,000. ಅದೇ ದುಡ್ಡನ್ನು ತಿಂಗಳಿಗೆ ನೂರಕ್ಕೆ 3 ರೂಪಾಯಿಯಂತೆ ಕೈಸಾಲ ತಂದು, 18 ತಿಂಗಳ ಕೊನೆಗೆ ಅಸಲು ಕೊಟ್ಟರೆ ಬಡ್ಡಿಯೇ 54,000! ಈ ವ್ಯತ್ಯಾಸ ನೋಡಿದರೆ ನಾಲ್ಕು ಸಲ ಓಡಾಡಿದರೂ ಪರವಾಗಿಲ್ಲ, ಅಲ್ವಾ?

18 ವರ್ಷ ತುಂಬಿರಬೇಕು. ಒಂದು ಕುಟುಂಬದಲ್ಲಿ ಒಬ್ಬರಿಗೇ ಅವಕಾಶ. ಸರ್ಕಾರಿ ನೌಕರರ ಕುಟುಂಬಕ್ಕೆ ಇಲ್ಲ. ಕಳೆದ 5 ವರ್ಷದಲ್ಲಿ ಇಂಥದ್ದೇ ಸ್ವಯಂ ಉದ್ಯೋಗದ ಸರ್ಕಾರಿ ಸಾಲ ಪಡೆದಿರಬಾರದು. ಆದರೆ ಸಣ್ಣ ಉದ್ಯೋಗಗಳಿಗೆ ಕೊಡುವ ಮುದ್ರಾ ಸಾಲ ಪಡೆದು ಪೂರ್ತಿ ತೀರಿಸಿದವರು ಅರ್ಜಿ ಹಾಕಬಹುದು.

ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮೊಬೈಲ್ ಹಿಡಿದು ಹತ್ತಿರದ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ. ಅಲ್ಲಿ ಬೆರಳಚ್ಚು ಕೊಟ್ಟು ನೋಂದಣಿ. ಆಮೇಲೆ ಪರಿಶೀಲನೆ ಗ್ರಾಮ ಪಂಚಾಯಿತಿಯಿಂದ ಶುರುವಾಗಿ ಜಿಲ್ಲಾ ಸಮಿತಿ ದಾಟಿ ಮುಂದೆ ಹೋಗುತ್ತದೆ. ಒಪ್ಪಿಗೆ ಸಿಕ್ಕ ಮೇಲೆ 5ರಿಂದ 7 ದಿನ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ. ಉಪಕರಣ ಕೊಳ್ಳಲು 15,000 ರೂಪಾಯಿವರೆಗಿನ ಇ–ವೋಚರ್ ಕೂಡ ಇದೆ. ಸಾಲ ಬರುವುದು ತರಬೇತಿ ಮುಗಿದ ಮೇಲೆ. ‘ಹೇಗೂ ಬರುತ್ತಲ್ಲ’ ಅಂತ ಮೊದಲೇ ಕೈಸಾಲ ಮಾಡಿ ಯಂತ್ರ ತರಬೇಡಿ.

ಕೈಮಗ್ಗದ ನೇಕಾರಿಕೆ ಈ 18ರಲ್ಲಿ ಇಲ್ಲ. ಅಂಥವರು ಮುದ್ರಾ ಸಾಲ ಕೇಳಬಹುದು. ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರ್‌ನಲ್ಲಿ 5 ಲಕ್ಷದವರೆಗೆ. ಇದಕ್ಕೂ ಅಡಮಾನ ಬೇಕಿಲ್ಲ. ಮುದ್ರಾ ಸಾಲಕ್ಕೆ ಏಜೆಂಟರೂ ಇಲ್ಲ. ‘ಮಾಡಿಸಿಕೊಡ್ತೀನಿ’ ಅಂತ ದುಡ್ಡು ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಇನ್ನು ಬೀಜ–ಗೊಬ್ಬರಕ್ಕೆ ಈ ಎರಡೂ ಸಾಲ ಮುಟ್ಟಬೇಡಿ. ಅದಕ್ಕೆ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ.

ಬ್ಯಾಂಕಿಗೆ ಹೋಗುವಾಗ ಕೊಳ್ಳಬೇಕಾದ ಸಾಮಾನಿನ ಕೊಟೇಷನ್ ಮತ್ತು ನಿಮ್ಮ ನೋಟ್‌ಬುಕ್ ಜೊತೆಗಿರಲಿ. ‘ಎಷ್ಟು ಕೊಡ್ತೀರಿ?’ ಅಂತ ಕೇಳಬೇಡಿ. ‘ವಿದ್ಯುತ್ ತಿಗರಿಗೆ ಇಷ್ಟು, ಮಣ್ಣಿಗೆ ಇಷ್ಟು, ತಿಂಗಳಿಗೆ ಇಷ್ಟು ಕಟ್ಟುತ್ತೇನೆ’ ಎನ್ನಿ. ಹಳೇ ಸಾಲ ಸುಸ್ತಿಯಾಗಿದ್ದರೆ ಮುಚ್ಚಿಡಬೇಡಿ, ನಿಮ್ಮ ಸಾಲಗಳ ಹಳೇ ಲೆಕ್ಕ ಇರುವ ಸಿಬಿಲ್ ವರದಿಯಲ್ಲಿ ಅದು ಕಂಡೇ ಕಾಣುತ್ತದೆ. ಆ ವರದಿಯನ್ನು ವರ್ಷಕ್ಕೊಮ್ಮೆ ಪುಕ್ಕಟೆ ಪಡೆಯಬಹುದು. ಮೊದಲೇ ನೋಡಿಕೊಂಡು ಹೋಗಿ.

ರೈತರು ಜಾಸ್ತಿ ಎಡವುವುದು ಸಾಲ ಸಿಕ್ಕ ಮೇಲೆ. ಬೆಳೆ ಸಾಲಕ್ಕೆ ಸುಗ್ಗಿಯವರೆಗೆ ಕಾಯುವ ಅಭ್ಯಾಸ ಇರುತ್ತದೆ. ಅಲ್ಪಾವಧಿ ಬೆಳೆಯ ಸಾಲ ವಸೂಲಾಗದ ಸಾಲದ ಪಟ್ಟಿಗೆ ಸೇರುವುದು ಎರಡು ಹಂಗಾಮು ಬಾಕಿ ಉಳಿದ ಮೇಲೆ. ಕಸುಬಿನ ಸಾಲಕ್ಕೆ ಅಷ್ಟು ಸಮಯ ಇಲ್ಲ, ಕಂತು 90 ದಿನ ಮೀರಿ ಬಾಕಿ ಉಳಿದರೆ ಅದೇ ಪಟ್ಟಿಗೆ ಸೇರುತ್ತದೆ. ‘ರಾಗಿ ಮಾರಿ ಕಟ್ಟಿದರಾಯ್ತು’ ಅಂದುಕೊಂಡರೆ ಅಷ್ಟರಲ್ಲಿ ಖಾತೆ ಕೆಟ್ಟಿರುತ್ತದೆ. ವಿಶ್ವಕರ್ಮದ ಎರಡನೇ ಹಂತದ 2 ಲಕ್ಷದವರೆಗಿನ ಸಾಲ ಮೊದಲ ಖಾತೆ ಚೆನ್ನಾಗಿದ್ದವರಿಗೇ ಸಿಗುವುದು. ಹಾಗಾಗಿ ಬೇಸಿಗೆಯ ಗಳಿಕೆಯಿಂದ ಮಳೆಗಾಲದ ಮೂರು ಕಂತಿನ ದುಡ್ಡನ್ನು ಮೊದಲೇ ತೆಗೆದು, ಅದೇ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಇಟ್ಟುಬಿಡಿ. ಅದನ್ನು ಬಿತ್ತನೆಗೂ ಮುಟ್ಟಬೇಡಿ.