ಕಾಯಿಸಿದ ನೀಲ: ಉಂಗುರಕ್ಕೆ ಕೂರಿಸುವ ಮೊದಲು ನಾನು ನೋಡುವುದು

ಚಿಕ್ಕಬಳ್ಳಾಪುರದಲ್ಲಿ ನಮ್ಮದು ಚಿನ್ನ ಬೆಳ್ಳಿ ಕೆಲಸದ ಸಣ್ಣ ಅಂಗಡಿ. ಶನಿಕಾಟಕ್ಕೆ ನೀಲ ಹಾಕಿಕೊಳ್ಳಿ ಅಂತ ಜೋಯಿಸರಿಂದ ಚೀಟಿ ಬರೆಸಿಕೊಂಡವರು ವರ್ಷವಿಡೀ ಬರುತ್ತಾರೆ. ಈಗೀಗ ಚೀಟಿಯಲ್ಲಿ ತೂಕದ ಜೊತೆ ‘ಹೀಟ್ ಮಾಡದ್ದು’ ಅಂತಲೂ ಇರುತ್ತದೆ. ಗ್ರಹದ ವಿಷಯಕ್ಕೆ ನಾನು ಹೋಗುವುದಿಲ್ಲ, ಅದು ಅವರವರ ನಂಬಿಕೆ. ಆದರೆ ಹೀಟ್ ಅಂದರೆ ಮೋಸ ಅಂದುಕೊಂಡು ಬರುತ್ತಾರಲ್ಲ, ಅದನ್ನು ಬಿಡಿಸಿ ಹೇಳುವುದರಲ್ಲೇ ನನ್ನ ಅರ್ಧ ಹೊತ್ತು ಹೋಗುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ನೀಲಗಳಲ್ಲಿ ಹೆಚ್ಚಿನವು ಬೆಂಕಿ ಕಂಡವೇ. ನೀಲ ಅಂದರೆ ಕೊರಂಡಮ್, ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿದ ಕಲ್ಲು. ಅದರೊಳಗೆ ಚೂರು ಕಬ್ಬಿಣ, ಚೂರು ಟೈಟಾನಿಯಂ ಸೇರಿದಾಗ ನೀಲಿ ಬಣ್ಣ ಬರುತ್ತದೆ. ಎಷ್ಟೋ ಕಲ್ಲುಗಳಲ್ಲಿ ಟೈಟಾನಿಯಂ ಇದ್ದರೂ ಬಣ್ಣಕ್ಕೆ ಒದಗದೆ, ಕೂದಲಿಗಿಂತ ಸಣ್ಣ ಎಳೆಗಳಾಗಿ ಕೂತಿರುತ್ತದೆ. ಕಲ್ಲು ಮಂಕಾಗಿ ಕಾಣುತ್ತದೆ. ಶ್ರೀಲಂಕಾದ ‘ಗೆವುಡ’ ಅನ್ನುವ ಹಾಲುಬಣ್ಣದ ಕಲ್ಲನ್ನು ಮೊದಲೆಲ್ಲ ಯಾರೂ ಬೆಲೆ ಕೊಟ್ಟು ಕೊಳ್ಳುತ್ತಿರಲಿಲ್ಲ. 1970ರ ದಶಕದಲ್ಲಿ ಥಾಯ್ಲೆಂಡಿನವರು ಅದನ್ನು ಕುಲುಮೆಗೆ ಹಾಕಿ ಒಳ್ಳೆ ನೀಲಿ ತೆಗೆದರು. ಸುಮಾರು 1600ರಿಂದ 1800 ಡಿಗ್ರಿ ಶಾಖಕ್ಕೆ ಆ ಎಳೆಗಳು ಕರಗಿ, ಟೈಟಾನಿಯಂ ಕಬ್ಬಿಣದ ಜೊತೆ ಸೇರಿ ಬಣ್ಣ ಕೊಡುತ್ತದೆ. ನಮ್ಮ ಚಿನ್ನ 1064 ಡಿಗ್ರಿಗೇ ನೀರಾಗುತ್ತದೆ. ನೀಲ ಕರಗಲು 2000 ದಾಟಬೇಕು. ಆದ್ದರಿಂದಲೇ ಅದು ಅಷ್ಟು ಶಾಖ ತಡೆಯುತ್ತದೆ. ಹೀಗೆ ಬಂದ ಬಣ್ಣ ಕಲ್ಲಿನದೇ, ಹೊರಗಿನಿಂದ ಏನೂ ಸೇರಿಲ್ಲ. ಮುಂದೆ ಮಾಸುವುದೂ ಇಲ್ಲ.

ಆ ಎಳೆಗಳಿಗೆ ವ್ಯಾಪಾರದಲ್ಲಿ ಸಿಲ್ಕ್ ಅಂತಾರೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲರ್ ಒಬ್ಬರಿಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಭೂತಗನ್ನಡಿ) ಕೊಟ್ಟು ತೋರಿಸಿದೆ. ‘ಆಚಾರ್ರೇ, ಇದು ನಮ್ಮ ನೂಲೇ ಅಲ್ವಾ’ ಅಂದರು. ಒಂದಕ್ಕೊಂದು 60 ಡಿಗ್ರಿ ಕೋನದಲ್ಲಿ ಹಾದುಹೋಗುವ, ತುಂಡಾಗದ ಚೂಪು ಎಳೆಗಳು ಕಂಡರೆ ಕಲ್ಲು ದೊಡ್ಡ ಬೆಂಕಿ ಕಂಡಿಲ್ಲ ಅಂತ ಸಮಾಧಾನ. ಎಳೆ ಒಡೆದು ಚುಕ್ಕಿ ಸಾಲಾಗಿದ್ದರೆ, ಒಳಗಿನ ಸಣ್ಣ ಹರಳಿನ ಸುತ್ತ ತಟ್ಟೆಯಂಥ ದುಂಡನೆ ಬಿರುಕು ಹೊಳೆಯುತ್ತಿದ್ದರೆ, ಕಾಯಿಸಿದ್ದಾರೆ ಅನ್ನಬಹುದು. ಹಾಗಂತ ಎಳೆ ಕಾಣಲಿಲ್ಲ ಅಂದಮಾತ್ರಕ್ಕೆ ಕಾಯಿಸಿದ್ದು ಅಂತ ಹೇಳಲಾಗದು. ಕಡಿಮೆ ಶಾಖ ಕೊಟ್ಟಿದ್ದರೆ ಎಳೆ ಹಾಗೇ ಉಳಿದಿರಲೂಬಹುದು. ಒಳಗೆ ಏನೂ ಇಲ್ಲದೆ ತೀರಾ ಶುದ್ಧವಾಗಿದ್ದು, ಬೆಲೆಯೂ ಕಡಿಮೆ ಇದ್ದರೆ ನಾನು ಮೊದಲು ಹುಡುಕುವುದು ಬಾಗಿದ ಗೆರೆಗಳನ್ನು. ಅವು ಕಾರ್ಖಾನೆಯಲ್ಲಿ ಬೆಳೆಸಿದ ಕಲ್ಲಿನ ಗುರುತು. ಭೂಮಿಯಲ್ಲಿ ಹುಟ್ಟಿದ ನೀಲದಲ್ಲಿ ಬಣ್ಣದ ಪಟ್ಟಿಗಳು ನೇರವಾಗಿರುತ್ತವೆ.

ನನಗೆ ತಕರಾರು ಇರುವುದು ಬರೀ ಕಾಯಿಸಿದ ಕಲ್ಲಿನ ಮೇಲಲ್ಲ. ಕಾಯಿಸುವಾಗ ಹೊರಗಿನಿಂದ ಬಣ್ಣ ತುಂಬಿರುತ್ತಾರೆ, ಕೇಳಿದರೆ ಅದಕ್ಕೂ ‘ಬರೀ ಹೀಟ್ ಸಾರ್’ ಅನ್ನುತ್ತಾರೆ. ಟೈಟಾನಿಯಂ ಪುಡಿ ಮೆತ್ತಿ ಕಾಯಿಸಿದರೆ ಬಣ್ಣ ಚರ್ಮದಷ್ಟೇ ಆಳಕ್ಕೆ ಇಳಿಯುತ್ತದೆ. ಮತ್ತೆ ಪಾಲಿಶ್ ಮಾಡಿದರೆ ಹೋಗಿಬಿಡಬಹುದು. ಇದನ್ನು ಹಿಡಿಯಲು ಬಿಳಿ ಪಿಂಗಾಣಿ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಹಾಕಿ ಕಲ್ಲನ್ನು ಮುಳುಗಿಸುತ್ತೇನೆ. (ಡಿಸೆಂಬರ್ ಚಳಿಗೆ ಎಣ್ಣೆ ಗಟ್ಟಿಯಾದರೆ ಗ್ಲಿಸರಿನ್.) ಕಲ್ಲಿನ ಹೊಳಪು ಅಡಗಿ ಬಣ್ಣ ಮಾತ್ರ ಉಳಿಯುತ್ತದೆ. ಕಲ್ಲಿಗೆ ಕೊಯ್ದ ಮುಖಗಳ ಅಂಚಿನಲ್ಲೇ ಗಾಢ ಗೆರೆ ಎಳೆದಂತೆ ಕಂಡರೆ ಅದು ಮೆತ್ತಿದ ಬಣ್ಣ. ಬೆರಿಲಿಯಂ ಹಾಕಿ ಕಾಯಿಸಿದ್ದು ಮಾತ್ರ ಈ ಬಟ್ಟಲಿಗೆ ಸಿಗುವುದಿಲ್ಲ, ಅದು ಕಲ್ಲಿನ ಆಳಕ್ಕೆ ಇಳಿಯುತ್ತದೆ. 2002ರ ಹೊತ್ತಿಗೆ ಇದು ಬಯಲಾದಾಗ ವ್ಯಾಪಾರವೇ ಗಲಿಬಿಲಿ ಆಗಿತ್ತು. ಕಿತ್ತಳೆ ಮತ್ತು ಹಳದಿ ಕಲ್ಲುಗಳಲ್ಲಿ ಇದು ಜಾಸ್ತಿ. ಕನಕಪುಷ್ಯರಾಗ ಕೊಳ್ಳುವವರು ಇದನ್ನು ತಿಳಿದಿರಲೇಬೇಕು. ಎಲ್ಲಕ್ಕಿಂತ ಕೆಟ್ಟದ್ದು ಗಾಜು ತುಂಬಿದ್ದು. ಬಿರುಕು ಬಿಟ್ಟ ಕಳಪೆ ಕಲ್ಲಿಗೆ ಕೋಬಾಲ್ಟ್ ಬಣ್ಣದ ಸೀಸದ ಗಾಜು ಇಳಿಸಿರುತ್ತಾರೆ. ಲೂಪಿನಲ್ಲಿ ಬಿರುಕಿನೊಳಗೇ ನೀಲಿ ನಿಂತಿರುತ್ತದೆ, ಗಾಳಿಗುಳ್ಳೆಯೂ ಕಾಣುತ್ತದೆ.

ಲೂಪು, ಬಟ್ಟಲು ಇವೆಲ್ಲ ನನ್ನ ಅನುಮಾನ ತೀರಿಸಿಕೊಳ್ಳಲು. ಗಿರಾಕಿಯ ದುಡ್ಡಿಗೆ ಲ್ಯಾಬ್ ಕಾಗದವೇ ಬೇಕು. ಜಿಐಎ, ಐಜಿಐ, ಜೈಪುರದ ಐಐಜಿಜೆ-ಆರ್‌ಎಲ್‌ಸಿ (ಮೊದಲು ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿ ಅಂತಿದ್ದದ್ದು) ಇಂಥ ಹೆಸರಿರುವ ಲ್ಯಾಬಿನದ್ದಾದರೆ ಒಳ್ಳೆಯದು. ಬೆಂಗಳೂರಿನಲ್ಲಿ ಕಲ್ಲು ಕೊಟ್ಟ ವ್ಯಾಪಾರಿಯೊಬ್ಬರು ಒಮ್ಮೆ ಪ್ಲಾಸ್ಟಿಕ್ ಕಾರ್ಡ್ ಒಂದನ್ನು ಕೈಗಿಟ್ಟು ‘ನ್ಯಾಚುರಲ್ ಅಂತಿದೆಯಲ್ಲ, ಇನ್ನೇನು ಬೇಕು?’ ಅಂದರು. ಕಾಯಿಸಿದ ಕಲ್ಲೂ ನ್ಯಾಚುರಲ್ಲೇ! ನೋಡಬೇಕಾದ್ದು ಟ್ರೀಟ್‌ಮೆಂಟ್ ಅಥವಾ ಕಾಮೆಂಟ್ಸ್ ಅನ್ನುವ ಸಾಲು. ಅಲ್ಲಿ ‘ನೋ ಇಂಡಿಕೇಷನ್ಸ್ ಆಫ್ ಹೀಟಿಂಗ್’ ಅಂತಿದ್ದರೆ ಕಾಯಿಸಿದ ಗುರುತು ಸಿಕ್ಕಿಲ್ಲ ಅಂತ ಅರ್ಥ. ಆ ಸಾಲು ಖಾಲಿ ಬಿಟ್ಟಿದ್ದರೆ ಕಾಯಿಸದ ಕಲ್ಲಿನ ಬೆಲೆ ಕೊಡಬೇಡಿ. ಕಾಗದದ ತೂಕ, ಅಳತೆ ನಿಮ್ಮ ಕಲ್ಲಿಗೆ ಹೊಂದುತ್ತದೆಯೇ ಅಂತ ತಕ್ಕಡಿಗೆ ಹಾಕಿ ನೋಡಿ. ತೂಕವನ್ನು ರತ್ತಿ ಅನ್ನುವ ಹಳೇ ಲೆಕ್ಕದಲ್ಲಿ ಹೇಳಿದರೆ ಕ್ಯಾರೆಟ್‌ಗೆ ತಿರುಗಿಸಿಕೊಳ್ಳಿ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ.

ಎಲ್ಲರೂ ಕಾಯಿಸದ್ದನ್ನೇ ಕೊಳ್ಳಬೇಕಾ? ನನ್ನನ್ನು ಕೇಳಿದರೆ ಬೇಡ. ಗಾಢ ಬಣ್ಣದ ದೊಡ್ಡ ಕಲ್ಲಿನಲ್ಲಿ ಎರಡರ ಬೆಲೆಗೂ ಬಹಳ ಅಂತರ. ದಿನಾ ಹಾಕುವ ಉಂಗುರಕ್ಕೆ ಬರೀ ಕಾಯಿಸಿದ ಒಳ್ಳೆ ನೀಲ ಧಾರಾಳ ಸಾಕು. ಚೀಟಿಯಲ್ಲಿ ಕಾಯಿಸದ್ದೇ ಬೇಕು ಅಂತಿದ್ದು, ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ, ತೂಕ ಇಳಿಸಬಹುದಾ ಅಂತ ಜೋಯಿಸರನ್ನೇ ಕೇಳಿ ಅನ್ನುತ್ತೇನೆ.

ಬಿಲ್ಲಿನಲ್ಲಿ ‘ಕಾಯಿಸಿದ್ದು’, ‘ಕಾಯಿಸಿಲ್ಲ’ ಅಥವಾ ‘ಗಾಜು ತುಂಬಿದ್ದು’ ಅಂತ ಬರೆದೇ ಕೊಡುತ್ತೇನೆ. ಮುಂದೆ ಉಂಗುರದ ಅಳತೆ ಬದಲಿಸಬೇಕಾದಾಗಲೂ ಅದು ಕೆಲಸಕ್ಕೆ ಬರುತ್ತದೆ. ಗಾಜು ತುಂಬಿದ ಕಲ್ಲಿಗೆ ಬೆಸುಗೆಯ ಶಾಖ ತಾಗಿದರೆ ಗಾಜು ಹಾಳು. ತೊಳೆಯುವ ಆಸಿಡ್ ಇರಲಿ, ನಿಂಬೆರಸವೂ ಅದನ್ನು ತಿನ್ನುತ್ತದೆ. ಗಾಜಿಲ್ಲದ ಒಳ್ಳೆ ನೀಲಕ್ಕೂ ಬೆಸುಗೆಗೆ ಹಚ್ಚುವ ಬಿಳಿಗಾರ ಅಂಟಿಕೊಂಡು ಬೆಂಕಿ ತಾಗಿದರೆ ಮೇಲ್ಮೈ ಕೊರೆದುಹೋಗುತ್ತದೆ. ಹಾಗಾಗಿ ಯಾರ ಹತ್ತಿರ ಕೊಟ್ಟರೂ ಕಲ್ಲು ಬಿಚ್ಚಿಟ್ಟೇ ಬೆಸುಗೆ ಹಾಕಿ ಅಂತ ಹೇಳಿ. ಮತ್ತೆ ಕೂರಿಸುವ ಕೂಲಿ ಸ್ವಲ್ಪ ಜಾಸ್ತಿ ಆಗುತ್ತದೆ, ಅಷ್ಟೇ.